ಕ್ಯಾರವಾನ್ ಎಳೆಯುವಾಗ ಹಿಂದಿನ ಕ್ಯಾಮೆರಾ ಸ್ಕ್ರೀನ್ ಸದಾ ಆನ್ ಇಡಬೇಕಾ?

ಕನ್ನಡಕದ ಡ್ರೈವರ್:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೀತಿದ್ದೀನಿ, ಸಹಿಸ್ಕೊಳ್ಳಿ.

ಹೋದ ತಿಂಗಳು ಒಂದು ಸೆಕೆಂಡ್ ಹ್ಯಾಂಡ್ ಕ್ಯಾರವಾನ್ ತಗೊಂಡೆ. 6.5 ಮೀಟರ್ ಉದ್ದ, ಅಗಲ ಕಾರಿಗಿಂತ ಎರಡೂ ಕಡೆ ಒಂದೊಂದು ಗೇಣು ಜಾಸ್ತಿ. 35 ವರ್ಷ ಕಾರು ಓಡಿಸಿದ್ದೀನಿ, ಆದರೆ ಹಿಂದೆ ಒಂದು ಮನೆ ಕಟ್ಟಿಕೊಂಡು ಓಡಿಸೋದು ಇದೇ ಮೊದಲು. ಒಳಗಿನ ಕನ್ನಡಿಯಲ್ಲಿ ಈಗ ಕಾಣೋದು ಕ್ಯಾರವಾನಿನ ಮುಂದಿನ ಕಿಟಕಿ, ಅದಕ್ಕೆ ನಮ್ಮನೆಯವಳು ಹಾಕಿರೋ ಹೂವಿನ ಪರದೆ, ಅಷ್ಟೇ. ಕಾರಿನ ರಿವರ್ಸ್ ಕ್ಯಾಮೆರಾದಲ್ಲಿ ಗ್ಯಾಸ್ ಸಿಲಿಂಡರ್ ಡಬ್ಬಿಯ ಕ್ಲೋಸಪ್. ರಿವರ್ಸ್ ಹಾಕಿದ ತಕ್ಷಣ ಸೆನ್ಸರ್ ಬಾಯಿ ಬಡ್ಕೊಳ್ಳೋಕೆ ಶುರು ಮಾಡುತ್ತೆ, ಅದಕ್ಕೆ ಕ್ಯಾರವಾನೇ ಗೋಡೆ.

ಸೈಡ್ ಕನ್ನಡಿಗೆ ಸಿಕ್ಕಿಸೋ ಎಕ್ಸ್‌ಟೆನ್ಶನ್ ಕನ್ನಡಿಗಳು ಎರಡೂ ಕಡೆ ಇವೆ. ಆದರೂ ನೇರ ಹಿಂದೆ ಏನೂ ಕಾಣಲ್ಲ ಅಂತ ಒಂದು ವೈರ್‌ಲೆಸ್ ಕ್ಯಾಮೆರಾ ಸೆಟ್ ತಂದು ಕ್ಯಾರವಾನಿನ ಹಿಂಭಾಗದಲ್ಲಿ ಮೇಲೆ ಹಾಕಿಸಿದೆ. 7 ಇಂಚಿನ ಸ್ಕ್ರೀನ್ ಡ್ಯಾಶ್‌ಬೋರ್ಡ್ ಮೇಲೆ, ವಿಂಡ್‌ಶೀಲ್ಡ್‌ಗೆ ಅಂಟಿಸಿದ್ದೀನಿ. ಎರಡು ಟ್ರಿಪ್ ಆಯ್ತು. ಮೂರು ತಲೆನೋವು.

ಒಂದು, ಚಿತ್ರ ಆಗಾಗ ನಿಂತೋಗುತ್ತೆ. ಎರಡನೇ ಟ್ರಿಪ್‌ನಲ್ಲಿ ಸ್ಕ್ರೀನಲ್ಲಿ ಒಂದು ಬಿಳಿ ವ್ಯಾನ್, ಒಂದೇ ಅಂತರ ಇಟ್ಕೊಂಡು ಹಿಂದೇನೇ ಬರ್ತಿತ್ತು. "ಎಂಥಾ ಶಿಸ್ತಿನ ಮನುಷ್ಯ ನೋಡು" ಅಂದೆ. ನಮ್ಮನೆಯವಳು ಮುಂದಕ್ಕೆ ಕೈ ತೋರಿಸಿ, "ಆ ಶಿಸ್ತಿನ ಮನುಷ್ಯ ಆಗಲೇ ಮುಂದೆ ಹೋದ" ಅಂದಳು. ಪಕ್ಕದಲ್ಲಿ ಒಂದು ಬಿಳಿ ವ್ಯಾನ್ ಹಾದು ಹೋಗಿದ್ದು ನಾನೂ ನೋಡಿದ್ದೆ. ಅದು ಬೇರೆ ವ್ಯಾನ್ ಅಂದ್ಕೊಂಡಿದ್ದೆ! ಎಷ್ಟು ಹೊತ್ತಿನಿಂದ ಫೋಟೋ ನೋಡ್ಕೊಂಡು ಗಾಡಿ ಓಡಿಸ್ತಿದ್ದೆನೋ ಏನೋ.

ಎರಡು, ನನಗೆ ಪ್ರೋಗ್ರೆಸಿವ್ ಕನ್ನಡಕ, ಅಂದ್ರೆ ಒಂದೇ ಗಾಜಿನಲ್ಲಿ ಮೇಲೆ ದೂರಕ್ಕೆ, ಕೆಳಗೆ ಹತ್ತಿರಕ್ಕೆ. ರಸ್ತೆಯಿಂದ ಸ್ಕ್ರೀನಿಗೆ ಕಣ್ಣು ಹೊರಳಿಸಿದಾಗ ಒಂದು ಕ್ಷಣ ಎಲ್ಲಾ ಮಸುಕು.

ಮೂರು, ನಮ್ಮನೆಯವಳ ದೂರು: "ನೀವು ರಸ್ತೆಗಿಂತ ಟಿವಿ ಜಾಸ್ತಿ ನೋಡ್ತೀರ." ಸುಳ್ಳಲ್ಲ.

ಓಡುವಾಗ ಸ್ಕ್ರೀನ್ ಆನ್ ಇಡೋದಾ, ಬರೀ ರಿವರ್ಸ್‌ಗೆ ಇಟ್ಕೊಳ್ಳೋದಾ? ಅನುಭವ ಇರೋರು ಹೇಳಿ.


ರಜಾ ರಥ:

ಸದಾ ಆನ್ ಇಡಿ ಸಾರ್, ಎರಡನೇ ಮಾತೇ ಇಲ್ಲ. ನನಗಂತೂ ಕ್ಯಾಮೆರಾ ಇಲ್ಲದೆ ಹೈವೇಗೆ ಇಳಿಯೋ ಧೈರ್ಯ ಇಲ್ಲ. ಓವರ್‌ಟೇಕ್ ಮಾಡಿದ ಮೇಲೆ ಹಿಂದಿನ ಗಾಡಿಯ ಮೂತಿ ಪೂರ್ತಿ ಸ್ಕ್ರೀನಿಗೆ ಬಂತು ಅಂದ್ರೆ ಕ್ಯಾರವಾನ್ ದಾಟಿದೆ ಅಂತ ಗೊತ್ತಾಗುತ್ತೆ, ಆರಾಮಾಗಿ ಲೇನ್‌ಗೆ ವಾಪಸ್ ಬರಬಹುದು.

ಇನ್ನು ಕಾರಿನ ಕ್ಯಾಮೆರಾ ದಂಡ ಅಂತ ಬೈಬೇಡಿ. ಅದರ ಕೆಲಸ ಕ್ಯಾರವಾನ್ ಕಟ್ಟೋಕೆ ಮುಂಚೆ. ಟೋ ಬಾಲ್ (ಕ್ಯಾರವಾನ್ ಸಿಕ್ಕಿಸೋಕೆ ಕಾರಿನ ಹಿಂದೆ ಇರೋ ಗುಂಡು) ನೇರಕ್ಕೆ ಕಾಣೋ ಹಾಗೆ ಕ್ಯಾರವಾನಿನ ಮುಂಭಾಗದ ಮಧ್ಯಕ್ಕೆ ಒಂದು ಕೆಂಪು ಟೇಪ್ ನೆಟ್ಟಗೆ ಅಂಟಿಸಿ. ಬಾಲ್ ಆ ಕೆಂಪು ಗೆರೆಯ ಮೇಲೇ ಇರೋ ಹಾಗೆ ನಿಧಾನಕ್ಕೆ ಹಿಂದೆ ಬಂದ್ರೆ ಕ್ಯಾರವಾನಿನ ಹಿಚ್, ಅಂದ್ರೆ ಕೊಂಡಿಯ ಕೆಳಗೇ ಬಂದು ನಿಲ್ಲುತ್ತೆ. ಮೊದಲು ಐದೈದು ಸಲ ಇಳಿದು ಹತ್ತಿ ನೋಡ್ತಿದ್ದೆ, ಈಗ ಒಂದೇ ಸಲ.


ಹಳೇ ಚಕ್ರ:

ಕನ್ನಡಕದ ಸ್ವಾಮಿಗಳೇ, ನಿಮ್ಮ ಬಿಳಿ ವ್ಯಾನ್ ಕಥೆ ಓದಿ ನಕ್ಕೆ, ಆಮೇಲೆ ನಗು ನಿಂತಿತು. ನನಗೂ ಇದೇ ಆಗಿತ್ತು. ನನ್ನ ಸ್ಕ್ರೀನಲ್ಲಿ ವ್ಯಾನ್ ಬದಲು ಖಾಲಿ ರಸ್ತೆ ಇತ್ತು. ಯಾವುದು ಹೆಚ್ಚು ಅಪಾಯ ಅಂತ ಯೋಚಿಸಿ ನೋಡಿ. ಲೇನ್ ಬದಲಿಸೋಕೆ ಇಂಡಿಕೇಟರ್ ಹಾಕಿದೆ, ಸ್ಕ್ರೀನಲ್ಲಿ ನರಪಿಳ್ಳೆ ಇಲ್ಲ. ಅಭ್ಯಾಸಬಲದಿಂದ ಕನ್ನಡಿ ನೋಡಿದ್ದಕ್ಕೆ ಬಚಾವ್. ಕ್ಯಾರವಾನಿನ ಹಿಂದಿನ ಚಕ್ರದ ಪಕ್ಕದಲ್ಲೇ ಒಂದು ಬೈಕು. ಅವತ್ತಿನಿಂದ ವೈರ್‌ಲೆಸ್‌ಗೆ ಕೈ ಮುಗಿದೆ.

ಹಳೇ ಅನಲಾಗ್ ವೈರ್‌ಲೆಸ್ ಕ್ಯಾಮೆರಾ ಕೆಟ್ಟರೆ ಚುಕ್ಕೆ ಬರೋದು, ಗೆರೆ ಬರೋದು. ಕೆಟ್ಟಿದೆ ಅಂತ ತಾನೇ ಹೇಳ್ತಿತ್ತು. ಡಿಜಿಟಲ್‌ನದ್ದು ಹಾಗಲ್ಲ. ಸಿಗ್ನಲ್ ತಪ್ಪಿದರೆ ಎಷ್ಟೋ ಸೆಟ್‌ಗಳು ಕೊನೆಯ ಚಿತ್ರವನ್ನೇ ಹಿಡ್ಕೊಂಡು ಕೂತಿರ್ತವೆ, ಅದೂ ಚೊಕ್ಕವಾಗಿ. ಸುಳ್ಳು ಹೇಳೋ ಸಾಕ್ಷಿಗಿಂತ ಸಾಕ್ಷಿ ಇಲ್ಲದಿರೋದೇ ವಾಸಿ.

ಇದಕ್ಕೆ ನಾನು ಮಾಡ್ಕೊಂಡಿರೋ ಉಪಾಯ ಒಂದಿದೆ. ಕ್ಯಾಮೆರಾವನ್ನು ಸ್ವಲ್ಪ ಕೆಳಗೆ ಬಗ್ಗಿಸಿ. ಸ್ಕ್ರೀನಿನ ತಳದಲ್ಲಿ ಕ್ಯಾರವಾನಿನ ಬಂಪರ್ ಒಂದು ಬೆರಳಷ್ಟು ಕಾಣಲಿ, ಅದರ ಮೇಲೆ ಡಾಂಬರು ಕಾಣಲಿ. ಗಾಡಿ ಓಡ್ತಿರುವಾಗ ಬಂಪರ್ ಅಂಚಿಂದ ರಸ್ತೆ ಹರಿದು ಹೋಗ್ತಾ ಇರಬೇಕು. ರಸ್ತೆ ನಿಂತಿದ್ದರೆ ಚಿತ್ರ ಸತ್ತಿದೆ. ನಾನು ಸ್ಕ್ರೀನ್ ನೋಡಿದಾಗ ಮೊದಲು ನೋಡೋದು ಹಿಂದಿನ ಗಾಡಿ ಅಲ್ಲ, ಆ ಬಂಪರ್ ಅಂಚು.

ಆನ್ ಇಡೋದಾ ಬೇಡವಾ ಅಂದ್ರೆ, ಇಡಿ. ಆದರೆ ಅದನ್ನ ಒಳಗಿನ ಕನ್ನಡಿ ಥರ ಬಳಸಿ, ಸೈಡ್ ಕನ್ನಡಿ ಥರ ಅಲ್ಲ. ಹಿಂದೆ ಯಾರು ಬರ್ತಿದ್ದಾರೆ ಅನ್ನೋದನ್ನ ಸ್ಕ್ರೀನ್ ಹೇಳುತ್ತೆ. ನಿಮ್ಮ ಕ್ಯಾರವಾನ್ ಏನು ಮಾಡ್ತಿದೆ ಅನ್ನೋದನ್ನ ಹೇಳಲ್ಲ. ಟೈರಿಂದ ಹೊಗೆ ಬರ್ತಿದೆಯಾ, ಕಿಟಕಿ ತೆರ್ಕೊಂಡಿದೆಯಾ, ತಿರುವಿನಲ್ಲಿ ಒಳಗಿನ ಚಕ್ರ ಕಲ್ಲು ಹತ್ತುತ್ತಾ, ಪಕ್ಕದಲ್ಲಿ ಬೈಕ್ ಇದೆಯಾ, ಇದೆಲ್ಲಾ ಎಕ್ಸ್‌ಟೆನ್ಶನ್ ಕನ್ನಡಿಯ ಕೆಲಸ. ಕ್ಯಾಮೆರಾ ಹಾಕಿದ ಮೇಲೆ ಆ ಕನ್ನಡಿ ಬಿಚ್ಚಿಟ್ಟವರನ್ನು ನೋಡಿದ್ದೀನಿ, ಅವರಿಗೆ ನಾನು ಹೇಳೋದು ಏನೂ ಇಲ್ಲ.

ಓಡುವಾಗ ಸ್ಕ್ರೀನ್ ನಿಜಕ್ಕೂ ಉಪಯೋಗಕ್ಕೆ ಬರೋ ಜಾಗ ಒಂದಿದೆ. ದೊಡ್ಡ ಲಾರಿಯೋ ಬಸ್ಸೋ ವೇಗವಾಗಿ ಪಕ್ಕದಲ್ಲಿ ಹಾದು ಹೋಗುವಾಗ ಮೊದಲು ಕ್ಯಾರವಾನನ್ನು ಆಚೆ ದೂಡುತ್ತೆ, ಆಮೇಲೆ ತನ್ನ ಕಡೆ ಎಳೆಯುತ್ತೆ. ಗೊತ್ತಿಲ್ಲದೇ ಬಂದ್ರೆ ಎದೆ ಬಾಯಿಗೆ ಬರುತ್ತೆ. ಸ್ಕ್ರೀನಲ್ಲಿ ಅದು ಬರೋದು ಮೊದಲೇ ಕಂಡರೆ ಎರಡೂ ಕೈ ಸ್ಟೀರಿಂಗ್ ಮೇಲಿರುತ್ತೆ, ಜಾಗ ಇದ್ದರೆ ಸ್ವಲ್ಪ ಸರಿದಿರ್ತೀರ. ಅಕಸ್ಮಾತ್ ಬಾಲ ಅಲ್ಲಾಡೋಕೆ ಶುರುವಾದರೆ ಆ್ಯಕ್ಸಿಲರೇಟರ್ ಬಿಡಿ, ಸ್ಟೀರಿಂಗ್ ನೆಟ್ಟಗೆ ಹಿಡೀರಿ. ಬ್ರೇಕ್ ಜೋರಾಗಿ ಒತ್ತಬೇಡಿ, ಎದುರು ದಿಕ್ಕಿಗೆ ತಿರುಗಿಸಿ ಸರಿ ಮಾಡೋಕೆ ಹೋಗಬೇಡಿ. ಆಗ ಸ್ಕ್ರೀನ್ ನೋಡಲೇಬೇಡಿ, ಅಲ್ಲಿ ಲೋಕವೇ ತೂಗುಯ್ಯಾಲೆ ಆಡ್ತಿರುತ್ತೆ.

ಕಣ್ಣಿನ ವಿಷಯ. ಕನ್ನಡಿಯಲ್ಲಿ 40 ಮೀಟರ್ ಹಿಂದಿನ ಕಾರು ನೋಡುವಾಗ ಕಣ್ಣಿಗೆ ಅದು 40 ಮೀಟರ್ ದೂರದ್ದೇ. ರಸ್ತೆಯಿಂದ ಕನ್ನಡಿಗೆ ಹೊರಳಿದರೆ ಕಣ್ಣು ಹೊಸದಾಗಿ ಫೋಕಸ್ ಮಾಡಬೇಕಿಲ್ಲ. ಸ್ಕ್ರೀನ್ ಇರೋದು ಒಂದು ತೋಳಿನಷ್ಟು ದೂರದಲ್ಲಿ. ನಮ್ಮ ವಯಸ್ಸಿನ ಕಣ್ಣಿಗೆ ಅಷ್ಟು ಬೇಗ ಹತ್ತಿರಕ್ಕೆ ಬರೋಕಾಗಲ್ಲ. ನೀವು ಮೇಲೆ ಅಂಟಿಸಿದ್ದೀರ. ಪ್ರೋಗ್ರೆಸಿವ್ ಕನ್ನಡಕದ ಮೇಲ್ಭಾಗ ದೂರದ್ದು, ಅದರ ಮೂಲಕ ಹತ್ತಿರದ ಸ್ಕ್ರೀನ್ ನೋಡಿದರೆ ಮಸುಕಾಗದೆ ಇನ್ನೇನಾಗುತ್ತೆ? ಒಂದು ಗೇಣು ಕೆಳಗಿಳಿಸಿ, ಸ್ಪೀಡೋಮೀಟರ್ ಎತ್ತರಕ್ಕೆ. ತೀರಾ ಕೆಳಗೆ ಗೇರ್ ಹತ್ತಿರ ಬೇಡ.


ಕನ್ನಡಕದ ಡ್ರೈವರ್:

ಹಳೇ ಚಕ್ರ ಅವರೇ, ಬಂಪರ್ ಅಂಚಿನ ಉಪಾಯ ಇವತ್ತೇ ಮಾಡ್ತೀನಿ. ಒಂದು ಅನುಮಾನ. ಈಗ ಲಾರಿಗಳಿಗೇ ಕನ್ನಡಿ ತೆಗೆದು ಕ್ಯಾಮೆರಾ ಹಾಕ್ತಿದ್ದಾರಲ್ಲ? ಅವರಿಗೆ ಆಗೋದು ನಮಗ್ಯಾಕೆ ಆಗಲ್ಲ?


ಹಳೇ ಚಕ್ರ:

ಮರ್ಸಿಡಿಸ್ ಆ್ಯಕ್ಟ್ರೋಸ್ 2018ರಲ್ಲಿ ತೋರಿಸಿದ್ದು ಅದು. ಅಲ್ಲಿ ಕ್ಯಾಮೆರಾ ನೋಡೋದು ಲಾರಿಯ ಎರಡು ಪಕ್ಕಗಳನ್ನ. ಸ್ಕ್ರೀನ್‌ಗಳು ವಿಂಡ್‌ಶೀಲ್ಡಿನ ಎರಡೂ ಕಡೆಯ ಕಂಬದ ಮೇಲೆ, ಅಂದ್ರೆ ಡ್ರೈವರ್ ಕಣ್ಣು ಕನ್ನಡಿಗಾಗಿ ಯಾವಾಗಲೂ ಹೋಗೋ ಕಡೆಗೇ. ತಿರುವಿನಲ್ಲಿ ಟ್ರೇಲರ್ ಬಾಲ ಕಾಣೋ ಹಾಗೆ ಚಿತ್ರ ತಾನೇ ಸರಿಯುತ್ತೆ. ಕನ್ನಡಿಯ ಬದಲಿಗೆ ಹಾಕೋ ಅಂಥ ವ್ಯವಸ್ಥೆ ಹೇಗಿರಬೇಕು ಅಂತ ವಿಶ್ವಸಂಸ್ಥೆಯ 46ನೇ ವಾಹನ ನಿಯಮದಲ್ಲಿ ಬರೆದಿದೆ. ನಾವು ಅಂಟಿಸ್ಕೊಳ್ಳೋ 7 ಇಂಚಿನದ್ದು ಆ ಜಾತಿಯಲ್ಲ. ಹೆಸರು ಒಂದೇ, ಅಷ್ಟೇ.


ಹಿಂಬದಿ ಕಾವಲು:

ನಮ್ಮನೇಲಿ ಗಾಡಿ ಓಡಿಸೋದು ನಾನು, ಇಳಿದು ಕೈ ಬೀಸೋದು ನಮ್ಮವರು. ರಿವರ್ಸ್ ಬಗ್ಗೆ ಇಲ್ಲಿ ಯಾರೂ ಬಿಡಿಸಿ ಹೇಳಿಲ್ಲ, ಅದಕ್ಕೇ ಬರೀತಿದ್ದೀನಿ.

ಹೊಸದರಲ್ಲಿ ನಾನು ಮಾಡಿದ ತಪ್ಪು: ಸ್ಕ್ರೀನ್ ನೋಡ್ಕೊಂಡು ಸ್ಟೀರಿಂಗ್ ತಿರುಗಿಸಿದ್ದು. ಸ್ಕ್ರೀನಲ್ಲಿ ಜಾಗ ನೇರಕ್ಕೆ ಕಾಣ್ತಿತ್ತು, ಹಿಂದೆ ಹೋಗ್ತಾನೇ ಇದ್ದೆ. ಕಾರಿಗೂ ಕ್ಯಾರವಾನಿಗೂ ನಡುವಿನ ಕೋನ ಮಡಚ್ತಾ ಬರ್ತಿರೋದು ಆ ಕ್ಯಾಮೆರಾಗೆ ಹೇಗೆ ಕಾಣಬೇಕು? ಅದು ಇರೋದು ಬಾಲದ ತುದಿಯಲ್ಲಿ, ಮಡಚೋದು ಸೊಂಟದಲ್ಲಿ. ನಮ್ಮವರು ಕಿರುಚಿದ್ದು ಕೇಳಿ ನಿಲ್ಲಿಸಿದಾಗ ಕಾರಿನ ಹಿಂದಿನ ಮೂಲೆಗೂ ಕ್ಯಾರವಾನಿಗೂ ಮಧ್ಯೆ ನನ್ನ ಅಂಗೈ ಮಾತ್ರ ತೂರ್ತಿತ್ತು.

ಈಗ ತಿರುಗಿಸೋದು ಕನ್ನಡಿ ನೋಡಿ. ಕೈ ಸ್ಟೀರಿಂಗಿನ ತಳದಲ್ಲಿ, ಗಡಿಯಾರದ 6ರ ಜಾಗದಲ್ಲಿ. ಕ್ಯಾರವಾನಿನ ಬಾಲ ಯಾವ ಕಡೆ ಹೋಗಬೇಕೋ ಆ ಕಡೆಗೇ ಕೈ ಸರಿಸೋದು. ಎಡ ಬಲದ ಉಲ್ಟಾ ಲೆಕ್ಕ ತಲೆಯಿಂದ ಹೋಯ್ತು. ಯಾವ ಕನ್ನಡಿಯಲ್ಲಿ ಕ್ಯಾರವಾನ್ ದಪ್ಪ ಆಗ್ತಾ ಬರುತ್ತೋ ಸ್ಟೀರಿಂಗ್ ಆ ಕಡೆಗೇ ಸ್ವಲ್ಪ ತಿರುಗಿಸಿದರೆ ಮತ್ತೆ ನೆಟ್ಟಗಾಗುತ್ತೆ. ಸ್ಕ್ರೀನ್ ನೋಡೋದು ಕೊನೆಯ ಒಂದೂವರೆ ಮೀಟರ್‌ಗೆ, ಎಲ್ಲಿ ನಿಲ್ಲಿಸಬೇಕು ಅನ್ನೋದಕ್ಕೆ ಮಾತ್ರ.

ಆಗಲೂ ಮೋಸ ಇದೆ. ವೈಡ್ ಲೆನ್ಸಿನಲ್ಲಿ ಎಲ್ಲವೂ ಇರೋದಕ್ಕಿಂತ ದೂರ ಕಾಣುತ್ತೆ. ಸ್ಕ್ರೀನಲ್ಲಿ ಬರೋ ಹಸಿರು ಹಳದಿ ಕೆಂಪು ಗೆರೆ ಕಾರಿನ ಎತ್ತರಕ್ಕೆ ಅಂತ ಹಾಕಿರೋದು, ಎರಡೂವರೆ ಮೀಟರ್ ಮೇಲಿರೋ ಕ್ಯಾಮೆರಾಗೆ ಅದು ಹೊಂದಲ್ಲ. ನಾವು ಒಂದು ಸಂಜೆ ಕೂತು ಟೇಪ್ ಹಿಡಿದು ಅಳೆದ್ವಿ. ಬಂಪರಿಂದ 1, 2, 5 ಮೀಟರ್‌ಗೆ ನಮ್ಮವರು ಬಕೆಟ್ ಇಟ್ಟರು, ನಾನು ಸ್ಕ್ರೀನ್ ಮೇಲೆ ಆಯಾ ಜಾಗಕ್ಕೆ ಸಣ್ಣ ಟೇಪ್ ಚೂರು ಅಂಟಿಸಿದೆ. ಸಮತಟ್ಟಾದ ಕಡೆ ಪಕ್ಕಾ. ಹಿಂದೆ ಏರು ಇದ್ದರೆ ಅದೇ ಟೇಪ್ ಸುಳ್ಳು ಹೇಳುತ್ತೆ, ನೆನಪಿರಲಿ.

ಮತ್ತೆ ಕ್ಯಾಮೆರಾ ಕೆಳಗೆ ನೋಡುತ್ತೆ, ಮೇಲೆ ನೋಡಲ್ಲ. ನಮ್ಮ ಕ್ಯಾರವಾನಿನ ಹಿಂದಿನ ಮೇಲ್ಮೂಲೆಯಲ್ಲಿ ಒಂದು ಗೀರು ಇದೆ. ಮರದ ಕೊಂಬೆ. ಸ್ಕ್ರೀನಲ್ಲಿ ಆವತ್ತು ಕಂಡಿದ್ದು ಚೊಕ್ಕಟ ಹುಲ್ಲುಹಾಸು.


ಮಲ್ಟಿಮೀಟರ್:

ಮೊದಲು ಹಳೇ ಚಕ್ರ ಅವರಿಗೊಂದು ಸಣ್ಣ ತಿದ್ದುಪಡಿ. 40 ಮೀಟರ್ ಲೆಕ್ಕ ಚಪ್ಪಟೆ ಕನ್ನಡಿಗೆ ಮಾತ್ರ. ಉಬ್ಬು ಕನ್ನಡಿಯಲ್ಲಿ ಬಿಂಬ ಕನ್ನಡಿಯ ಹಿಂದೆ ಹತ್ತಿರದಲ್ಲೇ ಬೀಳುತ್ತೆ, ಕಣ್ಣು ಅಲ್ಲೂ ಹತ್ತಿರಕ್ಕೆ ಫೋಕಸ್ ಮಾಡಬೇಕು. ಗಾಡಿಗಳೂ ದೂರ ಇದ್ದ ಹಾಗೆ ಕಾಣ್ತವೆ. ಕನ್ನಡಕದವರು ಎಕ್ಸ್‌ಟೆನ್ಶನ್ ಕನ್ನಡಿ ಚಪ್ಪಟೆ ಗಾಜಿನದ್ದಾ ಅಂತ ನೋಡ್ಕೊಳ್ಳಿ.

ಇನ್ನು ಚಿತ್ರ ನಿಲ್ಲೋದು. ಈ ಸೆಟ್‌ಗಳಲ್ಲಿ ಬಹಳಷ್ಟು 2.4 ಗಿಗಾಹರ್ಟ್ಸ್‌ನವು, ವೈಫೈ, ಬ್ಲೂಟೂತ್ ಎಲ್ಲಾ ಅಲ್ಲೇ ಗುಂಪುಗೂಡಿರ್ತವೆ. ಡಬ್ಬದ ಮೇಲೆ ಬರೆದಿರೋ ದೂರ ನಡುವೆ ಏನೂ ಅಡ್ಡ ಇಲ್ಲದ ಬಯಲಿನದ್ದು. ನಿಮ್ಮ ಆ್ಯಂಟೆನಾ ಇರೋದು ಕ್ಯಾರವಾನಿನ ಹಿಂದೆ, ಸ್ಕ್ರೀನ್ ಇರೋದು ಕಾರಿನ ಮುಂದೆ, ನಡುವೆ ಒಂದು ಇಡೀ ಕ್ಯಾರವಾನ್. ಗೋಡೆ ಅಲ್ಯೂಮಿನಿಯಂ ತಗಡಿನದ್ದಾದರೆ ಕೇಳೋದೇ ಬೇಡ. ಸೆಟ್ ಬದಲಿಸೋಕೆ ಮುಂಚೆ ಟ್ರಾನ್ಸ್‌ಮಿಟರ್ ಕ್ಯಾಮೆರಾದಿಂದ ಬೇರೆ ಇದೆಯಾ ನೋಡಿ. ಬೇರೆ ಇದ್ದರೆ ಅದನ್ನ ಕ್ಯಾರವಾನಿನ ಮುಂದಿನ ಕಿಟಕಿ ಹತ್ತಿರ ತಂದು, ಕ್ಯಾಮೆರಾದಿಂದ ಅಲ್ಲಿವರೆಗೆ ಒಳಗೇ ಕೇಬಲ್ ಎಳೀರಿ. ಹೂವಿನ ಪರದೆಯಿಂದ ಸಿಗ್ನಲ್‌ಗೆ ತೊಂದರೆ ಇಲ್ಲ :)

ಒಂದೇ ಸಲ ಮಾಡಿ ಮರೀಬೇಕು ಅಂದ್ರೆ ಪೂರ್ತಿ ವೈರ್ಡ್. ಕಾರಿಗೂ ಕ್ಯಾರವಾನಿಗೂ ನಡುವೆ ಸುರುಳಿ ಕೇಬಲ್ ಬರುತ್ತೆ. ಅದರ ಉದ್ದ ಹೀಗೆ ನೋಡಿ: ಸ್ಟೀರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿದಾಗ ಬಿಗಿಯಬಾರದು, ನೆಟ್ಟಗಿದ್ದಾಗ ರಸ್ತೆಗೆ ತಾಗಬಾರದು. ಬ್ರೇಕ್‌ಅವೇ ಕೇಬಲ್ ಜೊತೆ ಮಾತ್ರ ಹೆಣೆಯಬೇಡಿ. ಕ್ಯಾರವಾನ್ ಕಳಚಿಕೊಂಡರೆ ಬ್ರೇಕ್ ಎಳೆಯೋದು ಅದು, ಅದಕ್ಕೆ ಯಾವ ಅಡ್ಡಿಯೂ ಇರಬಾರದು. ಕ್ಯಾರವಾನ್ ಬಿಟ್ಟ ಮೇಲೆ ಪ್ಲಗ್‌ಗೆ ಮುಚ್ಚಳ ಹಾಕಿ, ಇಲ್ಲದಿದ್ದರೆ ಪಿನ್ ಹಸಿರುಗಟ್ಟುತ್ತೆ.

ಕರೆಂಟ್ ಎಲ್ಲಿಂದ ತಗೊಂಡಿದ್ದೀರ ಅಂತ ಹೇಳಿಲ್ಲ. ಹಿಂದಿನ ಪಾರ್ಕಿಂಗ್ ಲೈಟಿನ ವೈರಿಗೆ ಟ್ಯಾಪ್ ಮಾಡಿದ್ದರೆ ನಿಮ್ಮ ಅರ್ಧ ತೊಂದರೆ ಅಲ್ಲೇ ಇರಬಹುದು. ಹೊಸ ಕಾರುಗಳು ಎಷ್ಟೋ ಆ ಲೈಟಿಗೆ ಒಂದೇ ಸಮ 12 ವೋಲ್ಟ್ ಕೊಡಲ್ಲ, ಬೇಗ ಬೇಗ ಆನ್ ಆಫ್ ಮಾಡ್ತವೆ. ಬಲ್ಬಿಗೆ ಅದು ಗೊತ್ತಾಗಲ್ಲ, ಕ್ಯಾಮೆರಾಗೆ ಜ್ವರ ಬರುತ್ತೆ. ರಿವರ್ಸ್ ಲೈಟಿಂದ ತಗೊಂಡರೆ ರಿವರ್ಸ್‌ನಲ್ಲಿ ಮಾತ್ರ ಬರುತ್ತೆ. ಕಾರಿಂದ ಕ್ಯಾರವಾನಿಗೆ ಕರೆಂಟ್ ಕೊಡೋ ಸಾಕೆಟ್ 13 ಪಿನ್ನಿನದ್ದಾದರೆ 9ನೇ ಪಿನ್ ಸದಾ 12 ವೋಲ್ಟ್, ಅದರ ಅರ್ಥಿಂಗ್ ವೈರ್ 13ನೇದು. ಅಲ್ಲಿಂದ ಚಿಕ್ಕ ಫ್ಯೂಸ್, ಒಂದು ಸ್ವಿಚ್ ಹಾಕಿ ತಗೊಳ್ಳಿ. 10ನೇದು ಸಾಮಾನ್ಯವಾಗಿ ಫ್ರಿಜ್‌ಗೆ. ಅದು 12 ಆ್ಯಂಪ್ ಆಸುಪಾಸು ಎಳೆಯೋ ಹೊತ್ತಿಗೆ ಅಷ್ಟುದ್ದ ವೈರಿನ ತುದಿಯಲ್ಲಿ ವೋಲ್ಟೇಜ್ ಬಿದ್ದಿರುತ್ತೆ. ಊಹೆ ಬೇಡ, ಫ್ರಿಜ್ ಆನ್ ಇರುವಾಗ ಕ್ಯಾಮೆರಾ ಹತ್ತಿರ ಮೀಟರ್ ಇಟ್ಟು ನೋಡಿ.

ಚಿತ್ರ ತಡವಾಗಿ ಬರೋದರ ಬಗ್ಗೆ ಒಂದು ಲೆಕ್ಕ. 0.3 ಸೆಕೆಂಡ್ ತಡ ಅಂತಿಟ್ಕೊಳ್ಳಿ. ಹೈವೇಲಿ ಹಿಂದಿನ ಗಾಡಿ ನಿಮಗಿಂತ 36 ಕಿ.ಮೀ. ಜಾಸ್ತಿ ವೇಗದಲ್ಲಿದ್ದರೆ ಅದು ಸೆಕೆಂಡಿಗೆ 10 ಮೀಟರ್ ಹತ್ತಿರ ಬರುತ್ತೆ. ಸ್ಕ್ರೀನಲ್ಲಿ ಕಾಣೋದಕ್ಕಿಂತ 3 ಮೀಟರ್ ಹತ್ತಿರ ಇದೆ ಅಂತ ಅರ್ಥ. ದೊಡ್ಡ ವಿಷಯ ಅಲ್ಲ. ಅದೇ ರಿವರ್ಸ್‌ನಲ್ಲಿ ಗಂಟೆಗೆ 3.6 ಕಿ.ಮೀ., ನಡಿಗೆಗಿಂತ ನಿಧಾನ, ಅಂದ್ರೆ ಸೆಕೆಂಡಿಗೆ 1 ಮೀಟರ್. 30 ಸೆಂ.ಮೀ. ವ್ಯತ್ಯಾಸ. ಬಂಪರಿಗೂ ಗೋಡೆಗೂ ನಡುವೆ ನೀವು ಬಿಡೋದೇ ಅಷ್ಟು. ಹಿಂಬದಿ ಕಾವಲು ಅವರು ಬಕೆಟ್ ಇಟ್ಟಿದ್ದು ನಿಂತ ಗಾಡಿಯಲ್ಲಿ, ಚಲಿಸುವಾಗ ಇದನ್ನೂ ಕಳೀಬೇಕು.

ಕೊನೆಗೆ, ಮೆನುವಿನಲ್ಲಿ ಮಿರರ್ ಅಂತ ಒಂದು ಸೆಟ್ಟಿಂಗ್ ಇರುತ್ತೆ. ಯಾರನ್ನಾದರೂ ಕ್ಯಾರವಾನಿನ ಎಡ ಮೂಲೆ ಹಿಂದೆ ನಿಲ್ಲಿಸಿ, ಸ್ಕ್ರೀನಲ್ಲೂ ಎಡಕ್ಕೇ ಕಾಣಬೇಕು. ಕಾರಿನ ಸೆನ್ಸರ್ ಕಿರುಚೋದು ಟೋ ಬಾರ್ ವೈರಿಂಗ್ ಕಂಪನಿಯಲ್ಲಿ ಮಾಡಿಸದೆ ಹೊರಗಿನವರ ಹತ್ತಿರ ಮಾಡಿಸಿದ್ದರಿಂದ ಇರಬಹುದು, ಟ್ರೇಲರ್ ಕಟ್ಟಿದ್ದು ಕಾರಿಗೆ ಗೊತ್ತಾಗ್ತಿಲ್ಲ. ಬಟನ್ ಒತ್ತಿ ಆಫ್ ಮಾಡಿ.


ರಜಾ ರಥ:

ಮಳೆ ಬಗ್ಗೆ ಒಂದು ಮಾತು. ಕ್ಯಾರವಾನಿನ ಹಿಂಭಾಗ ಚಪ್ಪಟೆ, ಓಡುವಾಗ ಅದರ ಹಿಂದೆ ಗಾಳಿ ಸುಳಿ ಸುತ್ತಿ ರಸ್ತೆಯ ಕೆಸರನ್ನೆಲ್ಲಾ ಎತ್ತಿ ತಂದು ಲೆನ್ಸಿಗೇ ಬಳಿಯುತ್ತೆ. ನಿಲ್ಲಿಸಿದಾಗೆಲ್ಲಾ ಒರೆಸಿ. ರಾತ್ರಿ ಸ್ಕ್ರೀನ್ ಬೆಳಕು ಅರ್ಧಕ್ಕಿಂತ ಕಮ್ಮಿ ಮಾಡಿ, ಇಲ್ಲದಿದ್ದರೆ ಹಿಂದಿನವರ ಹೆಡ್‌ಲೈಟ್ ಸೀದಾ ನಿಮ್ಮ ಡ್ಯಾಶ್‌ಬೋರ್ಡ್ ಮೇಲೆ ಬಂದು ಕೂರುತ್ತೆ.


ಕನ್ನಡಕದ ಡ್ರೈವರ್:

ಎಲ್ಲರಿಗೂ ದೊಡ್ಡ ನಮಸ್ಕಾರ. ಏನು ಮಾಡಿದೆ ಅಂತ ಹೇಳಿಬಿಡ್ತೀನಿ.

ಮಲ್ಟಿಮೀಟರ್ ಅವರು ಹೇಳಿದ್ದು ಸರಿ, ಹಾಕಿದವನು ಪಾರ್ಕಿಂಗ್ ಲೈಟಿಂದಲೇ ಕರೆಂಟ್ ತಗೊಂಡಿದ್ದ. ಅದನ್ನ ಕಿತ್ತು, 9ನೇ ಪಿನ್ನಿಂದ ಫ್ಯೂಸ್ ಹಾಕಿಸಿ ಪೂರ್ತಿ ವೈರ್ಡ್ ಮಾಡಿಸಿದೆ. ಕ್ಯಾರವಾನಿಗೆ ಹೊಸ ತೂತು ಹೊಡೆಯೋಕೆ ಮನಸ್ಸು ಬರಲಿಲ್ಲ. ಹಿಂದೆ ಮೇಲಿರೋ ಲೈಟಿನ ಹಳೇ ತೂತಿನಲ್ಲೇ ಕೇಬಲ್ ತೂರಿಸಿ ಸುತ್ತ ಸೀಲೆಂಟ್ ಹಚ್ಚಿದ್ದಾರೆ. ಸ್ಕ್ರೀನ್ ಒಂದು ಗೇಣು ಕೆಳಗೆ ಬಂತು, ಮಸುಕು ಮುಕ್ಕಾಲು ಪಾಲು ಹೋಯ್ತು. ಎಕ್ಸ್‌ಟೆನ್ಶನ್ ಕನ್ನಡಿ ನೋಡಿದರೆ ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಉಬ್ಬು! ಹಳೇ ಮಾಲೀಕ ಒಂದನ್ನ ಒಡೆದು ಸಿಕ್ಕಿದ್ದು ಹಾಕಿದ್ದ ಅಂತ ಕಾಣುತ್ತೆ. ಅದನ್ನೂ ಬದಲಿಸಿದೆ.

ಬಕೆಟ್ ಇಟ್ಟು ಅಳತೆಯೂ ಆಯ್ತು. ಬಕೆಟ್ ಇಟ್ಟವಳು "5 ಮೀಟರ್" ಅಂತ ಕೂಗಿದಾಗ ನನ್ನ ಕಣ್ಣಿಗೆ ಹತ್ತು ಮೀಟರ್ ಥರ ಕಾಣ್ತಿತ್ತು.

ನಿನ್ನೆ ಮೂರನೇ ಟ್ರಿಪ್. ಬಂಪರ್ ಅಂಚಿಂದ ರಸ್ತೆ ಚೆನ್ನಾಗಿ ಹರೀತಾ ಇತ್ತು. ಒಂದು ಕಡೆ ಮಾತ್ರ ಸ್ಕ್ರೀನಲ್ಲಿ ರಸ್ತೆ ಗಪ್ಪನೆ ನಿಂತೋಯ್ತು, ನನ್ನ ಎದೆ ಧಸಕ್ ಅಂತು. "ಅಯ್ಯೋ, ಮತ್ತೆ ಕೆಟ್ಟಿತು ಕಣೇ" ಅಂದೆ.

"ಸಿಗ್ನಲ್‌ನಲ್ಲಿ ನಿಂತಿದ್ದೀವಿ ಮಾರಾಯ್ರೇ" ಅಂದಳು.